ಚುಕ್ಕಿ ಮಾಮನ ಎಡಗೈ ತೋರುಬೆರಳು

ಅಂಧ ಮಕ್ಕಳ ಶಾಲೆಯ ಹಿಂಬದಿಯಲ್ಲಿ, ಅಡುಗೆಮನೆಗೂ ಹಾಸ್ಟೆಲಿಗೂ ನಡುವೆ, ತಗಡಿನ ಸೂರಿನ ಒಂದು ಉದ್ದನೆಯ ಕೋಣೆ ಇತ್ತು. ಎಲ್ಲರೂ ಅದನ್ನು ಪ್ರೆಸ್ಸು ಅನ್ನುತ್ತಿದ್ದರು. ಒಳಗೆ ಕಾಲಿಟ್ಟರೆ ದಪ್ಪ ಕಾಗದದ ವಾಸನೆ, ಅಂಟಿನ ವಾಸನೆ, ಕಾದ ಯಂತ್ರದ ವಾಸನೆ. ಆ ಕೋಣೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತು ಕೆಲಸ ಮಾಡಿದವನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಮಕ್ಕಳ ಬಾಯಲ್ಲಿ ಅವನು ಚುಕ್ಕಿ ಮಾಮ. ದೊಡ್ಡವರೂ ಅದನ್ನೇ ಹಿಡಿದುಕೊಂಡರು.

ಅವನ ಕೆಲಸ ಬ್ರೈಲ್ ಪುಸ್ತಕಗಳಲ್ಲಿ ತಪ್ಪು ಹಿಡಿಯುವುದು. ಉಬ್ಬಿದ ಆರು ಚುಕ್ಕಿಗಳು, ಪಕ್ಕಪಕ್ಕ ಮೂರು ಮೂರು. ಅದರಲ್ಲಿ ಯಾವುದು ಎದ್ದಿದೆ, ಯಾವುದು ಇಲ್ಲ ಅನ್ನುವುದರ ಮೇಲೆ ಒಂದೊಂದು ಅಕ್ಷರ. ಒಂದೇ ಒಂದು ಚುಕ್ಕಿ ತಪ್ಪಿದರೂ ಸಾಕು, ಒಳ್ಳೆಯ ಮಾತು ಹೋಗಿ ಅರ್ಥವಿಲ್ಲದ್ದು ಏನೋ ಬಂದು ಕೂತುಬಿಡುತ್ತದೆ. ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಪ್ರತಿ ವರ್ಷ ಒಂದು ರಟ್ಟಿನ ಪೆಟ್ಟಿಗೆ ಬರುತ್ತಿತ್ತು. ಅದರ ತುಂಬ ಆ ವರ್ಷ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಅಂತ ಹೊಸದಾಗಿ ಬಂದ ಮಕ್ಕಳ ಪುಸ್ತಕಗಳು. ಅದರಿಂದ ಕೆಲವನ್ನು ಆರಿಸಿ ಬ್ರೈಲಿಗೆ ಇಳಿಸುತ್ತಿದ್ದರು. ಟೈಪಿಸ್ಟಮ್ಮ ಕಂಪ್ಯೂಟರಿನಲ್ಲಿ ಟೈಪು ಮಾಡುವಳು, ಯಂತ್ರ ದಡದಡ ಅಂತ ಚುಕ್ಕಿ ಒತ್ತುವುದು, ಮೊದಲ ಪ್ರತಿ ಚುಕ್ಕಿ ಮಾಮನ ತೊಡೆಗೆ ಬರುವುದು. ಅವನು ಎಡಗೈ ತೋರುಬೆರಳಲ್ಲಿ ಓದುವವನು. ಆ ಬೆರಳು ಸಾಲಿನ ಮೇಲೆ ಹೊರಟಿತೆಂದರೆ ಎಲ್ಲೂ ನಿಲ್ಲುತ್ತಿರಲಿಲ್ಲ. ನಿಂತಿತು ಅಂದರೆ ಅಲ್ಲಿ ತಪ್ಪಿದೆ ಅಂತಲೇ ಲೆಕ್ಕ.

ಮೊದಲು ಅವನ ಎದುರಿಗೆ ಮೂಲ ಪುಸ್ತಕ ಹಿಡಿದು ಕೂರುವ ಒಬ್ಬ ಗುಮಾಸ್ತನಿದ್ದ. ಅವನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಚುಕ್ಕಿ ಮಾಮ ಒಬ್ಬನೇ ಸಾಕು ಅಂದರು. ಸಾಕೇ ಆಗಿತ್ತು. ಅವನು ಓದಿ ಮುಗಿಸಿ ಕೊನೆಯ ಪುಟದ ಕೆಳಗೆ ತನ್ನ ಕೈಯಾರೆ 'ನೋಡಿದ್ದೇನೆ' ಅಂತ ಚುಚ್ಚಿದ ಮೇಲೆ ಹದಿನೈದು ಪ್ರತಿ ಒತ್ತುವುದು, ಹೊಲಿಯುವುದು, ಹನ್ನೊಂದು ಅಂಧಶಾಲೆಗಳಿಗೂ ನಾಲ್ಕು ಗ್ರಂಥಾಲಯಗಳಿಗೂ ಕಳಿಸುವುದು.

"ಚೆನ್ನಾಗಿ ನೋಡಿದ್ಯಾ?" ಅಂತ ಯಾರಾದರೂ ಕೇಳಿದರೆ, "ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೀನಿ" ಅಂತ ಗಹಗಹಿಸಿ ನಗುತ್ತಿದ್ದ. ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿದ್ದು. ಬೆಳಕು ಹೇಗಿರುತ್ತದೆ ಅನ್ನುವುದೂ ಅವನಿಗೆ ನೆನಪಿರಲಿಲ್ಲ. ಅದರ ಬಗ್ಗೆ ಕೊರಗಿದವನೂ ಅಲ್ಲ. ಏಳನೇ ವಯಸ್ಸಿನಲ್ಲಿ ಇದೇ ಶಾಲೆಗೆ ಸೇರಿ ಬೆರಳ ಕೆಳಗೆ ಮೊದಲ ಮಾತು ಮಾತಾಗಿ ಎದ್ದು ಬಂದ ದಿನದಿಂದ, ತನಗೇನೋ ಕಡಿಮೆಯಾಗಿದೆ ಅಂತ ಅನ್ನಿಸಿದ್ದೇ ಕಡಿಮೆ. ಮದುವೆ ಮಾಡಿಕೊಳ್ಳಲಿಲ್ಲ. ಶಾಲೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಎರಡು ಕೋಣೆಯ ಮನೆ. ಗಂಡ ತೀರಿಕೊಂಡ ಅಕ್ಕ ಹೊಲಿಗೆ ಯಂತ್ರ ಹೊತ್ತುಕೊಂಡು ಬಂದು ಅವನ ಜೊತೆಗೇ ಇದ್ದಳು. ಐವತ್ತನಾಲ್ಕು ವರ್ಷದ ತಮ್ಮನನ್ನು ಇನ್ನೂ 'ಪುಟ್ಟ' ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಪುಟದ ಮೇಲೆ ಬೆರಳಿಟ್ಟಾಗ, ಚುಕ್ಕಿಗಳ ಮೇಲೆ ಯಾರೋ ತೆಳು ಬಟ್ಟೆ ಹಾಸಿದ ಹಾಗೆ ಅನ್ನಿಸಿತು.

"ಏನಮ್ಮ ಇದು, ಕಾಗದ ಬದಲಾಯಿಸಿದಾರಾ?"

"ಇಲ್ವಲ್ಲಣ್ಣ. ಹೋದ ತಿಂಗಳದೇ ಬಂಡಲು" ಅಂದಳು ಟೈಪಿಸ್ಟಮ್ಮ.

"ಹಾಗಾದ್ರೆ ಯಂತ್ರದ ಮೊಳೆ ಸವೆದಿವೆ. ಚುಕ್ಕಿ ಏಳ್ತಾನೇ ಇಲ್ಲ. ಇದನ್ನ ಮಕ್ಕಳ ಕೈಗೆ ಕೊಟ್ಟರೆ ನಮಗೆ ಉಗೀತಾರೆ."

ಮೆಕ್ಯಾನಿಕ್ ಬಂದ. ಬಿಚ್ಚಿ ನೋಡಿ, ಎಣ್ಣೆ ಬಿಟ್ಟು, ಏನೂ ಆಗಿಲ್ಲ ಅಂತ ಹೋದ. ಚುಕ್ಕಿ ಮಾಮ ಒಪ್ಪಲಿಲ್ಲ. ಆಗ ಎರಡನೇ ಕ್ಲಾಸಿನ ಒಂದು ಮಗು ನೀರು ಕುಡಿಯಲು ಆ ಕಡೆ ಬಂದಿತ್ತು. ಟೈಪಿಸ್ಟಮ್ಮ ಅದನ್ನು ಕರೆದು ಹಾಳೆ ಕೊಟ್ಟು "ಓದು ಪುಟ್ಟಿ" ಅಂದಳು. ಮಗು ಲೋಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಅರ್ಧ ಪುಟ ಓದಿ, "ಸಾಕಾ?" ಅಂತ ಓಡಿತು.

"ಹಾಂ, ಈಗ ಸರಿಹೋಯ್ತು ನೋಡು, ಎಣ್ಣೆ ಬಿಟ್ಟಿದ್ದಕ್ಕೆ" ಅಂದ ಚುಕ್ಕಿ ಮಾಮ. ನಕ್ಕ ಕೂಡ. ನಗುತ್ತಲೇ ಬೆರಳನ್ನು ಅಂಗಿಗೆ ತಿಕ್ಕಿ ತಿಕ್ಕಿ ಮತ್ತೆ ಹಾಳೆಯ ಮೇಲಿಟ್ಟ.

ಆಮೇಲೆ ಒಂದು ದಿನ ಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಹಿಡಿದುಕೊಂಡೇ ಅಕ್ಕನ ಜೊತೆ ಏನೋ ಮಾತಾಡುತ್ತ ನಿಂತ. ಚರ್ಮ ಸುಟ್ಟ ವಾಸನೆ ಅಕ್ಕನ ಮೂಗಿಗೆ ಬಡಿಯಿತು. "ಅಯ್ಯೋ ಬಿಡೋ ಪುಟ್ಟ, ಬಿಡೋ!" ಅಂತ ಕಿರುಚಿ ಅವನ ಕೈ ತಪ್ಪಿಸಿದಳು. ಅವನಿಗೆ ಬಿಸಿಯೇ ಗೊತ್ತಾಗಿರಲಿಲ್ಲ. ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸಕ್ಕರೆ ಕಾಯಿಲೆ. ಎಷ್ಟೋ ವರ್ಷದಿಂದ ಇದ್ದಿರಬೇಕು ಅಂದರು ಡಾಕ್ಟರು. ದಾರಿಯಲ್ಲಿ ಚಪ್ಪಲಿ ಕಳಚಿದ್ದು ಗೊತ್ತಾಗದೆ ನಡೆದು ಬಂದ ದಿನಗಳು ಅವನಿಗೆ ಆಗ ನೆನಪಾದವು. ಮರೆವು ಅಂದುಕೊಂಡಿದ್ದ.

"ಬೆರಳ ತುದಿಯ ನರಗಳು ಸತ್ತಿವೆ. ಇನ್ನೂ ಮೇಲಕ್ಕೆ ಹೋಗದ ಹಾಗೆ ನೋಡಿಕೊಳ್ಳಬಹುದು. ಹೋಗಿದ್ದು ಬರಲ್ಲ" ಅಂದರು ಡಾಕ್ಟರು.

"ಬಲಗೈ?"

"ಅದೂ ಅಷ್ಟೇ. ನೀವು ಏನು ಕೆಲಸ ಮಾಡ್ತೀರಿ?"

"ಓದ್ತೀನಿ" ಅಂದ.

ಡಾಕ್ಟರ ಪೆನ್ನು ಕಾಗದದ ಮೇಲೆ ಓಡುವುದು ನಿಂತಿದ್ದು ಅವನಿಗೆ ಕೇಳಿಸಿತು.

ಬಸ್ಸಿನಲ್ಲಿ ಬರುವಾಗ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನು ಅಳಲಿಲ್ಲ. ಮನೆಗೆ ಬಂದು ಅವನು ಹೇಳಿದ್ದು ಒಂದೇ ಮಾತು: "ಪ್ರೆಸ್ಸಲ್ಲಿ ಯಾರಿಗೂ ಬಾಯಿ ಬಿಡಬೇಡ ಅಕ್ಕ. ನಿನಗೆ ಕೈ ಮುಗೀತೀನಿ."

ಆ ಕುರ್ಚಿಯಿಂದ ಎದ್ದರೆ ಹೋಗುವುದೆಲ್ಲಿಗೆ? ಮನೆಯಲ್ಲಿ ಕೂತು ಏನು ಮಾಡುವುದು? ಪ್ರತಿ ವರ್ಷ ಪೆಟ್ಟಿಗೆ ಒಡೆದಾಗ ಬರುವ ಹೊಸ ಪುಸ್ತಕದ ವಾಸನೆ, ಟೈಪಿಸ್ಟಮ್ಮ ಒಂದೊಂದರ ಹೆಸರು ಓದಿ ಹೇಳುವುದು, ಇದು ಬೇಕು, ಇದು ಬೇಡ ಅಂತ ಇಬ್ಬರೂ ಜಗಳವಾಡುವುದು, ಇಷ್ಟೇ ಅವನ ಬದುಕು. ಬೆರಳಿಲ್ಲದ ಮೇಲೆ ಅವನು ಅಲ್ಲಿ ಯಾರು?

ಹಾಗಾಗಿ ಒಂದು ಉಪಾಯ ಹುಡುಕಿದ. "ನೀನು ಟೈಪು ಮಾಡುವಾಗ ಜೋರಾಗಿ ಓದ್ಕೊಂಡು ಮಾಡಮ್ಮ. ಕಥೆ ಕೇಳಿದ ಹಾಗೂ ಆಗುತ್ತೆ, ನಿನಗೂ ತಪ್ಪಾಗಲ್ಲ" ಅಂದ. ಟೈಪಿಸ್ಟಮ್ಮನಿಗೆ ಖುಷಿಯೇ ಆಯಿತು. ಅವಳು ಓದುತ್ತ ಹೋಗುವಳು, ಅವನು ಕಿವಿಯಲ್ಲೇ ಎತ್ತಿಕೊಳ್ಳುವನು. ಒಮ್ಮೆ ಕೇಳಿದ್ದನ್ನು ಮರೆಯುವವನಲ್ಲ. ಆಮೇಲೆ ಹಾಳೆ ತೊಡೆಯ ಮೇಲೆ ಬಂದಾಗ ಬೆರಳು ಸಾಲಿನ ಮೇಲೆ ಓಡುತ್ತಿತ್ತು, ಕಥೆ ತಲೆಯೊಳಗೆ ಓಡುತ್ತಿತ್ತು. ಎರಡೂ ಜೊತೆಜೊತೆಗೆ ಹೋಗುವಾಗ ತಾನು ಓದುತ್ತಲೇ ಇದ್ದೇನೆ ಅಂತ ಅವನಿಗೇ ಅನ್ನಿಸುತ್ತಿತ್ತು. ಎಲ್ಲೋ ಒಂದು ಅಕ್ಷರ ಜಾತ್ರೆಯಂಥ ಗದ್ದಲದಲ್ಲಿ ಪರಿಚಯದವರ ದನಿ ಕೇಳಿಸಿದ ಹಾಗೆ ನಿಜವಾಗಿಯೂ ಬೆರಳಿಗೆ ಸಿಗುತ್ತಿತ್ತು. ಸಿಕ್ಕಾಗ ಎದೆ ಉಬ್ಬುತ್ತಿತ್ತು. ಮೊದಲಿನಂತೆ ತಪ್ಪು ಹಿಡಿಯುತ್ತಿಲ್ಲ ಅಂತ ಅನುಮಾನ ಬರಬಾರದೆಂದು ಆಗಾಗ ಸುಮ್ಮನೆ, "ಇಲ್ಲೊಂದು ಎಡವಟ್ಟಾಗಿದೆ ನೋಡಮ್ಮ" ಅನ್ನುವನು. ಅವಳು ಕಂಪ್ಯೂಟರಿನಲ್ಲಿ ನೋಡಿ, "ಇಲ್ಲಣ್ಣ, ಸರಿ ಇದೆ" ಅನ್ನುವಳು. "ಹೌದಾ? ಹಾಗಾದ್ರೆ ಬಿಡು."

ಹೀಗೇ ಎಂಟು ತಿಂಗಳು ಕಳೆದವು. ಸಣ್ಣ ಸಣ್ಣ ಪುಸ್ತಕಗಳು ಹೋದವು. ಟೈಪಿಸ್ಟಮ್ಮನ ಕೆಲಸ ಅಚ್ಚುಕಟ್ಟು, ಯಂತ್ರವೂ ಸರಿಯಿತ್ತು. ಯಾರೂ ದೂರಲಿಲ್ಲ.

ಆ ವರ್ಷದ ಪೆಟ್ಟಿಗೆ ಬಂದ ವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರೆಸ್ಸಿನ ಬಾಗಿಲಿಗೆ ಬಂದು ನಿಂತಳು. ಎಲ್ಲದಕ್ಕೂ ವಾದ ಹೂಡುತ್ತಾಳೆ ಅಂತ ಹಾಸ್ಟೆಲಿನಲ್ಲಿ ಅವಳಿಗೆ ವಕೀಲಮ್ಮ ಅಂತ ಹೆಸರು.

"ಮಾಮ, ನನಗೆ ಹದಿನಾಲ್ಕು ತುಂಬಿತು."

"ಸಂತೋಷ ಕಣಮ್ಮ."

"ಸಂತೋಷ ಅಲ್ಲ. ನಮ್ಮ ಲೈಬ್ರರಿಯಲ್ಲಿ ಎಲ್ಲಿ ಕೈ ಹಾಕಿದ್ರೂ ಮೊಲ ಸಿಗುತ್ತೆ, ಕರಡಿ ಸಿಗುತ್ತೆ, ಬುದ್ಧಿವಂತ ಗಿಳಿ ಸಿಗುತ್ತೆ. ಇನ್ನೂ ಎಷ್ಟು ವರ್ಷ ಮಾಮ ನಾನು ಮೊಲದ ಜೊತೆ ಸಂಸಾರ ಮಾಡೋದು?"

ಟೈಪಿಸ್ಟಮ್ಮ ಕಿಸಕ್ಕನೆ ನಕ್ಕಳು. ಹುಡುಗಿ ನಗಲಿಲ್ಲ.

"ಕಣ್ಣಿದ್ದ ಹುಡುಗೀರು ನನ್ನ ವಯಸ್ಸಲ್ಲಿ ಏನು ಓದ್ತಾರೋ ಅದು ಬೇಕು. ನಮ್ಮಕ್ಕ ದಪ್ಪ ದಪ್ಪ ಪುಸ್ತಕ ಓದಿ ಅಳ್ತಾಳೆ. ಏನೇ ಅದು ಅಂದ್ರೆ, ನಿನಗೆ ಗೊತ್ತಾಗಲ್ಲ ಬಿಡೆ ಅಂತಾಳೆ. ನನಗೂ ಓದಿ ಅಳ್ಬೇಕು ಮಾಮ."

ಆ ಮಾತು ಅವನ ಎದೆಗೆ ನಾಟಿತು. ಹದಿಹರೆಯದವರಿಗೆ ಅಂತ ಬಂದ ಪುಸ್ತಕಗಳನ್ನೆಲ್ಲ ಟೈಪಿಸ್ಟಮ್ಮನ ಕೈಯಲ್ಲಿ ಹಿಂದೆ ಮುಂದೆ ಓದಿಸಿ, ಒಂದು ಕಾದಂಬರಿ ಆರಿಸಿದ. ಮನೆ ಬಿಟ್ಟು ಹೋದ ಅಪ್ಪನನ್ನು ಹುಡುಕಿಕೊಂಡು ಒಬ್ಬಳೇ ಹೊರಡುವ ಹುಡುಗಿಯ ಕಥೆ. ಮ್ಯಾನೇಜರ್ ಕೊಸರಾಡಿದರು.

"ರೀ, ಬ್ರೈಲಿಗೆ ಇಳಿಸಿದ್ರೆ ಐದು ಸಂಪುಟ ಆಗುತ್ತೆ. ಯಾಕ್ರೀ ಇದೆಲ್ಲ? ನಾಳೆ ನಮ್ಮ ಹುಡುಗೀರೂ ಗಂಟುಮೂಟೆ ಕಟ್ಟಿಕೊಂಡು ಹೊರಟರೆ?"

"ಗೇಟಲ್ಲಿ ನಾನೇ ನಿಂತಿರ್ತೀನಿ ಸಾರ್, ಕಣ್ಣಿಟ್ಟು."

ಅವರಿಗೂ ನಗು ತಡೆಯಲಾಗಲಿಲ್ಲ. "ಆಯ್ತು, ಜವಾಬ್ದಾರಿ ನಿಮ್ದು" ಅಂದರು.

"ನಂದೇ ಸಾರ್."

ತನ್ನ ಬೆರಳು ಈ ಜವಾಬ್ದಾರಿ ಹೊರಲಾರದು ಅಂತ ಆ ಮಾತು ಆಡುವಾಗಲೇ ಅವನಿಗೆ ಗೊತ್ತಿತ್ತು. ಟೈಪಿಸ್ಟಮ್ಮನಿಗೆ ಹೇಳಿಬಿಡಲೇ ಅಂತ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಬೇರೆ ಏನೋ ಹೇಳಿದ.

ಮೂರು ತಿಂಗಳು ಹಿಡಿಯಿತು. ಟೈಪಿಸ್ಟಮ್ಮ ಓದಿ ಓದಿ ಗಂಟಲು ಕಟ್ಟಿಸಿಕೊಂಡಳು. ಒಂದೊಂದೇ ಸಂಪುಟದ ಮೊದಲ ಪ್ರತಿ ಅವನ ತೊಡೆಗೆ ಬಂತು. ಅವನು ಬೆರಳಾಡಿಸಿದ, ಕಥೆ ನೆನೆದ, 'ನೋಡಿದ್ದೇನೆ' ಅಂತ ಚುಚ್ಚಿದ. ಮೂರನೇ ಸಂಪುಟ ಒತ್ತಲು ಶುರು ಮಾಡಿದ ದಿನ ಯಂತ್ರದ ಒಂದು ಮೊಳೆ ಸಿಕ್ಕಿಹಾಕಿಕೊಂಡಿತು. ಟೈಪಿಸ್ಟಮ್ಮನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಕಾಗದದ ಮೇಲೆ ಮಾತ್ರ ಆರರಲ್ಲಿ ಒಂದು ಚುಕ್ಕಿ ಬೀಳಲೇ ಇಲ್ಲ. ಮೊದಲಿನ ಚುಕ್ಕಿ ಮಾಮನಾಗಿದ್ದರೆ ಮೊದಲನೇ ಸಾಲಿಗೇ ಕುರ್ಚಿ ಬಿಟ್ಟು ಎದ್ದು ಯಂತ್ರ ನಿಲ್ಲಿಸುತ್ತಿದ್ದ. ಈಗ ಸಂಪುಟ ಪೂರ್ತಿ ಮುಗಿಸಿ ಮುದ್ರೆ ಹಾಕಿದ. ನಾಲ್ಕನೆಯದೂ ಹಾಗೇ ಹೋಯಿತು. ವರ್ಷಕ್ಕೊಮ್ಮೆ ಯಂತ್ರ ತೊಳೆಯಲು ಬರುವ ಮೆಕ್ಯಾನಿಕ್ ನಡುವೆ ಬಂದು ತೊಳೆದಾಗ ಆ ಮೊಳೆ ತಾನಾಗಿ ಬಿಟ್ಟುಕೊಂಡಿದ್ದರಿಂದ ಐದನೆಯದು ನೆಟ್ಟಗಿತ್ತು. ಐದೂ ಸಂಪುಟಗಳು ಹದಿನೈದು ಕಡೆಗೆ ಹೋದವು.

ವಕೀಲಮ್ಮ ಮೊದಲೆರಡು ಸಂಪುಟ ಆರು ದಿನದಲ್ಲಿ ಮುಗಿಸಿದಳು. ಓಡಿ ಬಂದಳು. "ಮಾಮ, ಅತ್ತುಬಿಟ್ಟೆ! ಅವಳು ಅಮ್ಮನ ಸೀರೆ ಮಡಿಸಿಟ್ಟು ಹೊರಡ್ತಾಳಲ್ಲ, ಅಲ್ಲಿ ಅತ್ತಿದ್ದು. ವಾರ್ಡನ್ ಬಂದು ಹೊಟ್ಟೆನೋವಾ ಅಂದ್ರು!" ಅಂತ ಕುಣಿದಾಡಿದಳು. ಅವನಿಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಸಂತೋಷ. ಆಮೇಲೆ ಮೂರು ವಾರ ಅವಳ ಸುದ್ದಿಯೇ ಇಲ್ಲ. ಪರೀಕ್ಷೆ ಇರಬೇಕು ಅಂದುಕೊಂಡ.

ಮೂರು ವಾರದ ಮೇಲೆ ಬಂದಾಗ ಅವಳ ಹೆಜ್ಜೆಯ ಸದ್ದೇ ಬೇರೆಯಿತ್ತು. ಮೂರನೇ ಸಂಪುಟವನ್ನು ಅವನ ತೊಡೆಯ ಮೇಲಿಟ್ಟಳು.

"ಮಾಮ, ಇದು ನನಗೆ ಓದಕ್ಕೆ ಬರ್ತಿಲ್ಲ. ಟೀಚರ್ ಅಂದ್ರು, ದೊಡ್ಡ ಪುಸ್ತಕ ಅಲ್ವಾ, ನಿನ್ನ ಮಟ್ಟಕ್ಕೆ ಕಷ್ಟ ಅಂತ. ಮೂರು ವಾರ ಕೂತೆ. ಬೆರಳು ತೊಳ್ಕೊಂಡು ತೊಳ್ಕೊಂಡು ಓದಿದೆ. ಮಧ್ಯ ಮಧ್ಯ ಒಂದು ಮಾತು ಸಿಗುತ್ತೆ, ಮಿಕ್ಕಿದ್ದೆಲ್ಲ ಏನೇನೋ. ನನ್ನ ಬೆರಳೇ ಕೆಟ್ಟುಹೋಗಿದೆಯೇನೋ ಅಂತ ಭಯ ಆಗ್ತಿದೆ. ನೀವು ಓದಿ ತೋರಿಸಿ. ಎಲ್ಲಿ ತಪ್ತಿದ್ದೀನಿ ಗೊತ್ತಾಗ್ಲಿ."

ಪುಸ್ತಕ ತೆರೆದು ಬೆರಳಿಟ್ಟ. ತಲೆಯೊಳಗೆ ಟೈಪಿಸ್ಟಮ್ಮನ ದನಿ ಸಿದ್ಧವಾಗಿತ್ತು. ಹುಡುಗಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಗಮ್ಮ ಅಂತ ಕೇಳುತ್ತಾಳೆ, ಇವಳು ಸುಳ್ಳು ಹೇಳುತ್ತಾಳೆ. ಒಂದು ಅಕ್ಷರ ಬಿಡದೆ ಹೇಳುತ್ತ ಹೋದ. ಹುಡುಗಿ ಪಕ್ಕದಲ್ಲಿ ಮಂಡಿಯೂರಿ, ಅವನ ಬೆರಳಿನ ಬೆನ್ನಿಗೇ ತನ್ನ ಬೆರಳು ಇಟ್ಟುಕೊಂಡು ಬಂದಳು.

"ಮಾಮ, ಇಲ್ಲಿ ಹಾಗಿಲ್ಲ."

"ಇದೆ ಕಣೆ. ಸರಿಯಾಗಿ ನೋಡು."

ಇನ್ನೂ ಎರಡು ಸಾಲು ಓದಿದ. ಅವಳ ಬೆರಳು ಅವನ ಬೆರಳನ್ನು ಮೆಲ್ಲಗೆ ಹಿಡಿದು ನಿಲ್ಲಿಸಿತು.

"ಮಾಮ, ನಿಮ್ಮ ಬೆರಳು ಎರಡು ಸಾಲಿನ ನಡುವೆ ಇದೆ. ಅಲ್ಲಿ ಏನೂ ಇಲ್ಲ."

ಟೈಪಿಸ್ಟಮ್ಮನ ಕೀಲಿಗಳ ಸದ್ದು ನಿಂತಿತು.

"ನಿಮಗೆ ಕಾಣ್ತಿಲ್ವಾ ಮಾಮ?"

ಕಣ್ಣು ಹೋದಾಗಿನಿಂದ ಎಷ್ಟೋ ಜನ ಎಷ್ಟೋ ಥರ ಅವನನ್ನು ಈ ಮಾತು ಕೇಳಿದ್ದರು. ಒಂದು ದಿನವೂ ಅದು ಹೀಗೆ ಇರಿದಿರಲಿಲ್ಲ. "ಇಲ್ಲ ಕಣಮ್ಮ" ಅಂದ.

ಟೈಪಿಸ್ಟಮ್ಮ ಮೂಲ ಪುಸ್ತಕ ತಂದಳು. ಹುಡುಗಿ ಒಂದೊಂದೇ ಅಕ್ಷರದ ಚುಕ್ಕಿ ಹೇಳುತ್ತ ಹೋದಳು, ಟೈಪಿಸ್ಟಮ್ಮ ಅಲ್ಲಿ ಇರಬೇಕಾದ ಅಕ್ಷರ ಓದುತ್ತ ಹೋದಳು. ಐದೇ ನಿಮಿಷದಲ್ಲಿ ಗೊತ್ತಾಯಿತು. ನಾಲ್ಕನೆಯದನ್ನೂ ತರಿಸಿ ನೋಡಿದರು. ಎರಡು ಸಂಪುಟ ಪೂರ್ತಿ ಒಂದು ಚುಕ್ಕಿ ಎಲ್ಲೂ ಇಲ್ಲ.

"ಅಂದ್ರೆ ನನ್ನ ಬೆರಳು ಸರಿ ಇದೆ" ಅಂದಳು ಹುಡುಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ತಡೆದುಕೊಳ್ಳಬಹುದಿತ್ತು.

ಅವನೇ ಎದ್ದು ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿದ. ಮಾರನೆಯ ದಿನ ಟೈಪಿಸ್ಟಮ್ಮ ಉಳಿದ ಹತ್ತು ಶಾಲೆಗಳಿಗೆ ಫೋನು ಮಾಡಿದಳು. ಅವನು ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ಎಲ್ಲ ಕಡೆ ಒಂದೇ ಉತ್ತರ. ಮಕ್ಕಳು ಸ್ವಲ್ಪ ಓದಿ ಬಿಟ್ಟರು, ಕಷ್ಟ ಅಂದರು, ಮೊಲದ ಪುಸ್ತಕಕ್ಕೇ ವಾಪಸ್ಸು ಹೋದರು. ಪುಸ್ತಕದಲ್ಲಿ ತಪ್ಪಿರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಒಂದು ಶಾಲೆಯಲ್ಲಿ ಮಾತ್ರ ಹುಡುಗನೊಬ್ಬ ಪುಸ್ತಕವೇ ಸರಿಯಿಲ್ಲ ಅಂದಿದ್ದನಂತೆ. ಓದುವ ಸೋಮಾರಿತನಕ್ಕೆ ನೆಪ ಹೇಳುತ್ತಾನೆ ಅಂತ ಮೇಷ್ಟ್ರು ಅವನನ್ನು ಕ್ಲಾಸಿನಾಚೆ ನಿಲ್ಲಿಸಿದ್ದರಂತೆ. ಚುಕ್ಕಿ ಮಾಮ ಆ ಹುಡುಗನ ಹೆಸರು ಕೇಳಿದ. ಅವರಿಗೆ ನೆನಪಿರಲಿಲ್ಲ.

ಮ್ಯಾನೇಜರ್ ಕೆಟ್ಟವರಲ್ಲ. ಕೂಗಾಡಲಿಲ್ಲ. ಅವನನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳಿದರು. ಮೇಲಿನವರು ಬಹಳ ದಿನದಿಂದ ಕಥೆಪುಸ್ತಕ ಯಾಕೆ ಅಂತ ಕೇಳುತ್ತಿದ್ದರಂತೆ. ಮಕ್ಕಳ ಕೈಯಲ್ಲಿ ಫೋನಿದೆ, ಕಥೆ ಬೇಕಾದರೆ ಅದರಲ್ಲೇ ಕೇಳಿಕೊಳ್ಳಲಿ, ಪಾಠಪುಸ್ತಕ ಮಾತ್ರ ಬ್ರೈಲಲ್ಲಿ ಸಾಕು ಅಂತ. ಇಷ್ಟು ದಿನ ಇವರು ಹೇಗೋ ತಳ್ಳಿಕೊಂಡು ಬಂದಿದ್ದರು.

"ನನ್ನನ್ನ ತೆಗೆದುಹಾಕಿ ಸಾರ್. ಪುಸ್ತಕ ನಿಲ್ಲಿಸ್ಬೇಡಿ" ಅಂದ ಚುಕ್ಕಿ ಮಾಮ. "ಆ ಹುಡುಗೀನೇ ಕೂರಿಸಿ. ನನಗಿಂತ ಚೆನ್ನಾಗಿ ಹಿಡೀತಾಳೆ."

"ಹದಿನಾಲ್ಕು ವರ್ಷದ ಹುಡುಗೀನ ಕೂರಿಸ್ಲಾ? ಹದಿನೈದು ಕಡೆ ಹಾಳು ಪುಸ್ತಕ ಹೋಗಿದೆ ಕಣ್ರೀ. ಯಾರೂ ಕೇಳಿಲ್ಲ. ಯಾರೂ ಕೇಳಿಲ್ಲ ಅಂದ್ರೆ ಯಾರಿಗೂ ಬೇಕಿರಲಿಲ್ಲ ಅಂತಲ್ವಾ ಅಂತ ಅವರು ಕೇಳ್ತಾರೆ. ನಾನು ಯಾವ ಬಾಯಲ್ಲಿ ಉತ್ತರ ಕೊಡ್ಲಿ?"

ಮುಂದಿನ ವರ್ಷದ ಪೆಟ್ಟಿಗೆ ಬೇಡವೆಂದು ಪತ್ರ ಹೋಯಿತು. ಕಥೆಪುಸ್ತಕಕ್ಕೆ ಇನ್ನೊಂದು ಹಾಳೆಯೂ ಖರ್ಚಾಗಬಾರದು ಅಂತ ಮೇಲಿನಿಂದ ಅಪ್ಪಣೆ ಬಂತು, ಕೆಟ್ಟ ಎರಡು ಸಂಪುಟ ಮತ್ತೆ ಒತ್ತುವುದಕ್ಕೂ ಬಿಡಲಿಲ್ಲ. ಆ ವರ್ಷದ ಪೆಟ್ಟಿಗೆಯಲ್ಲಿ ಉಳಿದಿದ್ದ ಪುಸ್ತಕಗಳನ್ನು ಕಟ್ಟಿ ಹಿಂದಕ್ಕೆ ಕಳಿಸಿದರು. ಅವನನ್ನು ಯಾರೂ ತೆಗೆಯಲಿಲ್ಲ. ಅನಾರೋಗ್ಯದ ರಜೆ ಅಂತ ಬರೆದುಕೊಂಡು ಮನೆಗೆ ಕಳಿಸಿದರು. ಆ ರಜೆ ಮುಗಿಯುವಂಥದ್ದಲ್ಲ ಅನ್ನುವುದು ಎರಡೂ ಕಡೆಯವರಿಗೆ ಗೊತ್ತಿತ್ತು.

ಹೊರಡುವ ದಿನ ಹುಡುಗಿಯನ್ನು ಕರೆಸಿ, "ಮಧ್ಯದ ಕಥೆ ನಾನೇ ಹೇಳ್ತೀನಿ ಕೂತ್ಕೋ. ನನಗೆ ಪೂರ್ತಿ ಬಾಯಿಗೆ ಬರುತ್ತೆ" ಅಂದ.

"ಬೇಡ ಮಾಮ" ಅಂದಳು. "ನೀವು ಹೇಳಿದ್ರೆ ನಿಮ್ಮ ದನಿ ಕೇಳಿಸುತ್ತೆ. ನಾನು ಓದುವಾಗ ಕಥೆಯಲ್ಲಿರೋ ಅವಳ ದನಿ ಕೇಳಿಸ್ತಿತ್ತು." ಅವಳಿಗೆ ಸಂಕಟವಾಗಿರಬೇಕು, "ಬೇಜಾರು ಮಾಡ್ಕೋಬೇಡಿ" ಅಂತ ಸೇರಿಸಿದಳು.

ಅವನಿಗೆ ಬೇಜಾರಲ್ಲ, ಹುಚ್ಚು ಹಿಡಿಯಿತು. ಆ ಎರಡು ಸಂಪುಟವನ್ನು ತಾನೇ ಕೈಯಲ್ಲಿ ಚುಚ್ಚಿ ಬರೆದುಕೊಡುತ್ತೇನೆ ಅಂತ ಹಟ ತೊಟ್ಟ. ಬ್ರೈಲ್ ಸ್ಲೇಟು ಅಂದರೆ ಸಣ್ಣ ಸಣ್ಣ ಕಿಂಡಿಗಳ ಲೋಹದ ಪಟ್ಟಿ. ಕಾಗದ ಸಿಕ್ಕಿಸಿ, ಒಂದೊಂದು ಕಿಂಡಿಯಲ್ಲಿ ಒಂದೊಂದು ಅಕ್ಷರವನ್ನು ಮೊಳೆಯಿಂದ ಹಿಂದುಮುಂದಾಗಿ ಚುಚ್ಚಬೇಕು. ಶಾಲೆಯಲ್ಲಿ ಅವನಷ್ಟು ವೇಗವಾಗಿ ಬರೆದವರು ಯಾರೂ ಇರಲಿಲ್ಲ. ಟೈಪಿಸ್ಟಮ್ಮ ಮೂಲ ಪುಸ್ತಕ ಚೀಲದಲ್ಲಿ ಹಾಕಿಕೊಂಡು ಭಾನುವಾರ ಭಾನುವಾರ ಮನೆಗೆ ಬಂದು, ಅವನು ಮರೆತ ಕಡೆ ಓದಿ ಹೇಳಿದಳು. ಉಳಿದ ದಿನ ಅವನೊಬ್ಬನೇ. ಯಾವ ಕಿಂಡಿ ಮುಗಿಯಿತು, ಯಾವುದು ಶುರುವಾಯಿತು ಅಂತ ಬೆರಳು ಹೇಳಬೇಕಿತ್ತು. ಹೇಳುತ್ತಿರಲಿಲ್ಲ. ಅಂದಾಜಿನಲ್ಲಿ ಚುಚ್ಚಿದ. ಮೊಳೆ ಜಾರಿ ಎಡಗೈಗೆ ನೆಟ್ಟಿದ್ದೂ ಗೊತ್ತಾಗದೆ ಹಾಳೆಗೆ ರಕ್ತ ಹತ್ತಿದರೆ ಅಕ್ಕ ಬಂದು ಒರೆಸುವಳು.

"ಸಾಕು ಬಿಡೋ ಪುಟ್ಟ. ಆ ಮಗು ಕೇಳಿದ್ಲಾ ನಿನ್ನ?"

"ಅವಳು ಕೇಳಿದ್ದು ಇದನ್ನೇ ಅಕ್ಕ. ಕೇಳಿದ್ದಕ್ಕೆ ನಾನು ಕೊಟ್ಟಿದ್ದು ಏನು ಗೊತ್ತಾ ನಿನಗೆ?"

ಒಂದೂವರೆ ವರ್ಷ ಬರೆದ. ಅಷ್ಟರಲ್ಲಿ ವಕೀಲಮ್ಮ ಹತ್ತನೇ ಕ್ಲಾಸು ಮುಗಿಸಿ ಊರಿಗೆ ಹೊರಟಳು. ಹೊರಡುವ ಮುಂಚೆ ಅದುವರೆಗೆ ಆದಷ್ಟನ್ನು ಹೊಲಿದು ಟೈಪಿಸ್ಟಮ್ಮನ ಕೈಯಲ್ಲಿ ಅವಳಿಗೆ ಮುಟ್ಟಿಸಿದ. ಹೇಗಿದೆ ಅಂತ ತೋರಿಸಲು ಬ್ರೈಲ್ ಓದುವವರು ಶಾಲೆಯ ಗೇಟಿನ ಹೊರಗೆ ಯಾರೂ ಇರಲಿಲ್ಲ. ಇದ್ದರೂ ತೋರಿಸುತ್ತಿದ್ದನೋ ಇಲ್ಲವೋ.

ನಾಲ್ಕು ತಿಂಗಳ ಮೇಲೆ ಅಂಚೆಯಲ್ಲಿ ಒಂದು ದಪ್ಪ ಹಾಳೆ ಬಂತು. ಅಕ್ಕ ಒಡೆದು, "ಅಕ್ಷರ ಇಲ್ಲ ಕಣೋ, ಬರೀ ಗುಳ್ಳೆ. ಆ ಹುಡುಗೀದೇ ಇರಬೇಕು" ಅಂತ ಅವನ ಕೈಗಿಟ್ಟಳು. ಅವನು ಹತ್ತು ಬೆರಳಲ್ಲೂ ನೋಡಿದ. ಒಂದೂ ಏಳಲಿಲ್ಲ. ಟೈಪಿಸ್ಟಮ್ಮನಿಗೆ ಅಷ್ಟರಲ್ಲಿ ಬೇರೆ ಊರಿನ ಕಚೇರಿಗೆ ವರ್ಗವಾಗಿತ್ತು. ಅವಳಿದ್ದರೂ ಕಣ್ಣಲ್ಲಿ ಬ್ರೈಲ್ ಓದುವ ಅಭ್ಯಾಸ ಅವಳಿಗಿರಲಿಲ್ಲ. ಶಾಲೆಯ ಯಾವುದಾದರೂ ಮಗುವಿನ ಕೈಯಲ್ಲಿ ಓದಿಸಿಕೊಳ್ಳುತ್ತಾನೆ ಅಂತ ನಂಬಿ ಹುಡುಗಿ ಬರೆದಿರಬೇಕು, ಆದರೆ ಅಲ್ಲಿಗೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ. ಆ ಗೇಟು ದಾಟುವ ಮುಖ ಅವನಿಗಿರಲಿಲ್ಲ.

ಅವನ ಬಾಲ್ಯದಲ್ಲಿ ಕೈ ಕಳೆದುಕೊಂಡ ಒಬ್ಬ ಹುಡುಗ ಹಾಸ್ಟೆಲಿನಲ್ಲಿದ್ದ. ತುಟಿಯಲ್ಲಿ ಓದುತ್ತಿದ್ದ. ಅದು ನೆನಪಾಗಿ ಚುಕ್ಕಿ ಮಾಮ ಬಾಯಿ ಒರೆಸಿಕೊಂಡು, ಹಾಳೆಯನ್ನು ಮುಖಕ್ಕೆ ಹಿಡಿದು, ಕೆಳತುಟಿಯನ್ನು ಮೊದಲ ಸಾಲಿನ ಮೇಲೆ ಇಟ್ಟ. ಚುಕ್ಕಿ ಎದ್ದಿತು. ಎರಡು ವರ್ಷದ ಮೇಲೆ ಮೊದಲ ಸಲ ಒಂದು ಅಕ್ಷರ ಅವನಿಗೆ ಕಾಣಿಸಿತು.

"ಏನೋ ಪುಟ್ಟ ಅದು, ಕಾಗದಕ್ಕೆ ಮುತ್ತು ಕೊಡ್ತಾ..." ಅಂತ ಅಕ್ಕ ಹೊಲಿಗೆ ಯಂತ್ರದಿಂದ ತಮಾಷೆಗೆ ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಯಂತ್ರದ ಸದ್ದೂ ಬರಲಿಲ್ಲ.

ಒಂದು ಸಾಲಿಗೆ ಕಾಲು ಗಂಟೆ ಹಿಡಿಯಿತು. ಹುಡುಗಿ ಬರೆದಿದ್ದಳು: ಮಾಮ, ನೀವು ಕೊಟ್ಟ ಹಾಳೆಗಳಲ್ಲಿ ಎರಡು ಓದಿದೆ. ಮೂರನೆಯದರಿಂದ ಚುಕ್ಕಿ ಒಂದರ ಮೇಲೊಂದು ಬಿದ್ದಿವೆ. ನಿಮಗೆ ಸುಳ್ಳು ಹೇಳಬಾರದು ಅಂತ ಬರೀತಿದ್ದೀನಿ. ಅಪ್ಪ ಇನ್ನು ಓದು ಸಾಕು ಅಂದರು. ಅಕ್ಕ ಮದುವೆಯಾಗಿ ಹೋದಳು. ಇಲ್ಲಿ ಮುಟ್ಟಕ್ಕೆ ಒಂದೂ ಪುಸ್ತಕ ಇಲ್ಲ. ನನ್ನ ಮಂಚದ ಪಕ್ಕದ ಗೋಡೆಯ ಗಾರೆ ಉಬ್ಬಿದೆ. ಮಧ್ಯಾಹ್ನ ಎಲ್ಲ ಅದರ ಮೇಲೆ ಬೆರಳಾಡಿಸ್ತೀನಿ. ಎಲ್ಲೋ ಒಂದು ಕಡೆ ಅಕ್ಷರದ ಹಾಗೆ ಸಿಗುತ್ತೆ, ಮುಂದಕ್ಕೆ ಏನೂ ಇಲ್ಲ.

ಅಷ್ಟು ಓದುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಕೆಳಗೆ ಇನ್ನೂ ಎರಡು ಸಾಲಿದ್ದವು. ತುಟಿ ಅಲ್ಲಿಗೆ ಬರುವ ಹೊತ್ತಿಗೆ ಉಸಿರಿಗೂ ಕಣ್ಣೀರಿಗೂ ಹಾಳೆ ಒದ್ದೆಯಾಗಿ ಮೆತ್ತಗಾಗಿತ್ತು. ಮುಟ್ಟಿದರೆ ಚುಕ್ಕಿ ಕುಸಿಯುತ್ತಿತ್ತು. ಅಕ್ಕ ಅದನ್ನು ಕಿಟಕಿಯಲ್ಲಿ ಒಣಗಿಸಿ ಕೊಟ್ಟಳು. ಮಾರನೆಯ ದಿನ ನೋಡಿದ. ಆ ಎರಡು ಸಾಲಿನ ಜಾಗ ಬರೀ ಕಾಗದವಾಗಿತ್ತು.

ಅಲ್ಲಿ ಏನಿತ್ತು ಅಂತ ಕೇಳಿ ಒಂದು ಕಾಗದ ಬರೆಸೋಣ, ಅವರ ಮನೆಯಲ್ಲಿ ಕಣ್ಣಿದ್ದವರು ಯಾರಾದರೂ ಓದಿ ಹೇಳುತ್ತಾರೆ ಅಂದಳು ಅಕ್ಕ. ಅವನು ಬೇಡ ಅಂದ. ಹಾಗೆ ಕೇಳಿದರೆ ತಾನು ಅವಳ ಕಾಗದವನ್ನೂ ಓದಲಾರದೆ ಹೋದೆ ಅನ್ನುವುದು ಅವಳಿಗೆ ಗೊತ್ತಾಗುತ್ತದೆ. ಪೂರ್ತಿ ಓದಿಸಿಕೊಂಡ ಅಂತಲೇ ಅವಳು ಅಂದುಕೊಂಡಿರಲಿ.

ಈಗ ಪ್ರೆಸ್ಸಿನ ಕೋಣೆಯಲ್ಲಿ ಹಾಸ್ಟೆಲಿನ ಮುರಿದ ಮಂಚಗಳನ್ನು ಪೇರಿಸಿದ್ದಾರಂತೆ. ಪಾಠಪುಸ್ತಕಗಳು ಬೇರೆ ಊರಲ್ಲಿ ಅಚ್ಚಾಗಿ ಬರುತ್ತವೆ. ಚುಕ್ಕಿ ಮಾಮನ ಎಡಗಾಲಿನ ಎರಡು ಬೆರಳು ತೆಗೆದಿದ್ದಾರೆ. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಪಕ್ಕದ ಮನೆಯ ಮಕ್ಕಳು ಶಾಲೆಯಿಂದ ಬಂದು ಹೊಸ ಪುಸ್ತಕಕ್ಕೆ ಕಿತ್ತಾಡುವುದು ಗೋಡೆಯಾಚೆಯಿಂದ ಕೇಳಿಸಿದರೆ, ಒಳಗೆ ಹೋಗೋಣ ಅಕ್ಕ, ಗಾಳಿ ಜಾಸ್ತಿ ಇದೆ ಅನ್ನುತ್ತಾನೆ. ಅಕ್ಕ ಗಾಳಿ ಎಲ್ಲಿದೆ ಅಂತ ಕೇಳುವುದಿಲ್ಲ. ಕೈ ಹಿಡಿದು ಎಬ್ಬಿಸುತ್ತಾಳೆ. ಅವಳು ಹಿಡಿದಿದ್ದು, ಅವಳ ಕೈ ಮೊಣಕೈಯ ಹತ್ತಿರ ಬಂದ ಮೇಲೆಯೇ ಅವನಿಗೆ ಗೊತ್ತಾಗುತ್ತದೆ.